ನಾಲ್ಕನೇ ರೌಂಡಿನಲ್ಲಿ ಬಿದ್ದವನು

ಛಟಾರ್!

ಬಂಟ್ವಾಳದಿಂದ ಬೆಳ್ತಂಗಡಿಗೆ ಹೊರಟಿದ್ದ ಸಂಜೆಯ ಬಸ್ಸಿನಲ್ಲಿ ಒಂದು ಕ್ಷಣ ಎಲ್ಲರ ಬಾಯಿ ಮುಚ್ಚಿತು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಕೂಡ ಹಾಗೇ ನಿಂತುಬಿಟ್ಟ.

ಶಶಿಪ್ರಭಾಳ ಬಲಗೈ ಇನ್ನೂ ಗಾಳಿಯಲ್ಲೇ ಇತ್ತು. ಎದುರಿಗೆ ನಿಂತವನ ಕೆನ್ನೆಯ ಮೇಲೆ ಅವಳ ಬೆರಳುಗಳ ಗುರುತು ಕೆಂಪಗೆ ಏಳುತ್ತಿತ್ತು.

ಎಂಥ ಆಳು! ತಲೆ ಬಸ್ಸಿನ ಮಾಡಿಗೆ ತಾಗದಿರಲೆಂದು ಕುತ್ತಿಗೆ ಬಗ್ಗಿಸಿ ನಿಂತಿದ್ದ. ಭುಜಗಳು ಬಾಗಿಲಷ್ಟು ಅಗಲ. ಎಂದೋ ಮುರಿದು ಕೂಡಿಕೊಂಡ ಮೂಗು, ಹುಬ್ಬಿನ ಮೇಲೆ ಹೊಲಿಗೆಯ ಕಲೆ.

'ಅಯ್ಯೋ ದೇವರೇ... ಇವನು ತಿರುಗಿ ಒಂದು ಕೊಟ್ಟರೆ ನಾನು ಉಳಿಯುತ್ತೇನಾ?'

ಆದರೂ ಇಟ್ಟ ಹೆಜ್ಜೆ ಹಿಂದೆ ತೆಗೆಯುವ ಜಾತಿಯವಳಲ್ಲ ಅವಳು.

"ನಾಚಿಕೆ ಆಗೋದಿಲ್ವಾ ನಿಮಗೆ? ಮನೆಯಲ್ಲಿ ಅಕ್ಕ ತಂಗಿ ಯಾರೂ ಇಲ್ವಾ?"

ಅವನು ಕೆನ್ನೆ ಮುಟ್ಟಿ ನೋಡಿಕೊಂಡ. "ಅಕ್ಕ ಇದ್ದಾಳೆ. ಬೆಳ್ತಂಗಡಿಯಲ್ಲಿ. ಅವಳ ಮನೆಗೇ ಹೋಗ್ತಾ ಇದ್ದೇನೆ," ಎಂದ ನಿಧಾನಕ್ಕೆ. ಯಾರೋ ಕಿಸಕ್ಕನೆ ನಕ್ಕರು. ಅವನು ಮಾತ್ರ ನಗಲಿಲ್ಲ. ಅವಳ ಕೈಯನ್ನೇ ನೋಡಿ ಕೇಳಿದ.

"ನಿಮ್ಮ ಕೈಗೆ ನೋವಾಯಿತಾ?"

ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ನೀಲಿ ಅಂಗಿಯವನೊಬ್ಬ ಹಿಂದಿನ ಬಾಗಿಲಿನಿಂದ ಹಾರಿ ಓಡಿದ. ಸೀಟಿನಲ್ಲಿ ಕೂತಿದ್ದ ಸೇಸಮ್ಮ ಎಂಬ ಮುದುಕಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಮಗಾ, ನಿನಗೆ ಕೈ ಹಾಕಿದವ ಅಲ್ಲಿ ಓಡ್ತಾ ಇದ್ದಾನೆ ನೋಡು! ಈ ಪುಣ್ಯಾತ್ಮ ನಡುವೆ ಅಡ್ಡ ಬಂದು ನಿಂತದ್ದು. ನೀನು ಇವನಿಗೇ ಬಾರಿಸಿದಿಯಲ್ಲ!"

ಶಶಿಪ್ರಭಾಳಿಗೆ ಬಸ್ಸಿನ ನೆಲ ಬಾಯಿ ತೆರೆದು ತನ್ನನ್ನು ನುಂಗಬಾರದೇ ಎನಿಸಿತು. ತನ್ನ ಊರು ಮಡಂತ್ಯಾರು ಬಂದದ್ದೇ ತಡ, ಕ್ಷಮೆಯನ್ನೂ ಕೇಳದೆ ಇಳಿದುಬಿಟ್ಟಳು.

ಮನೆಗೆ ಹೋಗಿ ಅಮ್ಮ ನೀಲಾವತಿ ಕೊಟ್ಟ ಚಹಾ ಮುಂದಿಟ್ಟುಕೊಂಡು ಕೂತರೂ ಒಂದೇ ಯೋಚನೆ. ಅಷ್ಟು ದೊಡ್ಡ ದೇಹ... ಒಂದು ಬೈಗುಳವಿಲ್ಲ, ಒಂದು ಸಿಟ್ಟಿನ ನೋಟವಿಲ್ಲ. ಪೆಟ್ಟು ತಿಂದವನೇ ಕೈ ನೋವಾಯಿತಾ ಎಂದು ಕೇಳುವುದೆಂದರೆ ಏನರ್ಥ?

ಅರ್ಥವಾಗಲಿಲ್ಲ.

* * *

ಅದು ಎಂಬತ್ತೆರಡನೇ ಇಸವಿ. ಶಶಿಪ್ರಭಾ ಬಂಟ್ವಾಳದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಬೊಂಬಾಯಿಯ ಮಕ್ಕಳ ಜತೆ ಮಾತಾಡಲು ಬರುವ ತಾಯಂದಿರಿಗೆ, ಅಡಿಕೆ ಧಾರಣೆ ಕೇಳುವ ವ್ಯಾಪಾರಿಗಳಿಗೆ ಟ್ರಂಕ್ ಕಾಲ್ ಜೋಡಿಸಿ ಕೊಡುವುದು ಅವಳ ಕೆಲಸ. ಹೊರಗೆ ಒಂದು ಕೌಂಟರ್, ಪಕ್ಕದಲ್ಲಿ ಗಾಜಿನ ಬಾಗಿಲಿನ ಕ್ಯಾಬಿನ್.

ಮರುವಾರ ಕೌಂಟರಿನ ಬೆಳಕೇ ಮರೆಯಾದಂತಾಗಿ ತಲೆ ಎತ್ತಿದಳು. ಅವನೇ!

"ಬೊಂಬಾಯಿಗೆ ಒಂದು ಕಾಲ್ ಬುಕ್ ಮಾಡ್ಲಿಕ್ಕುಂಟು," ಎಂದವನು ಅವಳನ್ನು ಗುರುತಿಸಿ, ಸುಮ್ಮನೆ ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಅವಳಿಗೆ ನಗುವೂ ಬಂತು, ಅಳುವೂ ಬಂತು. "ಇವತ್ತು ಹೊಡೆಯೋದಿಲ್ಲ. ಹತ್ತಿರ ಬನ್ನಿ. ಆ ದಿನ... ತಪ್ಪಾಯಿತು."

"ಪರವಾಗಿಲ್ಲ. ನನಗೆ ಅಭ್ಯಾಸ ಉಂಟು."

"ಪೆಟ್ಟು ತಿಂದಾ?"

"ಹೌದು. ಅದೇ ನನ್ನ ಕೆಲಸ."

ಹೆಸರು ಚಿನ್ನಯ್ಯ. ಮೂಡಬಿದ್ರೆಯ ಹತ್ತಿರದ ತೋಡಾರಿನವನು. ಚಿಕ್ಕಂದಿನಲ್ಲೇ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದವನನ್ನು ಕಣ್ಣಿಟ್ಟು ನೋಡಿದವರು ಸುಲೈಮಾನ್ ಬ್ಯಾರಿ. ಪಾಣೆಮಂಗಳೂರಿನಿಂದ ಹೋಗಿ ಬಂದರಿನ ಗೋದಿಯಲ್ಲಿ ದುಡಿಯುತ್ತಾ, ಬಿಡುವಿನಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದ ಮನುಷ್ಯ. ಅವರ ಕೈಯಲ್ಲಿ ಪಳಗಿದ ಚಿನ್ನಯ್ಯ ಈಗ ದುಡ್ಡಿಗಾಗಿ ರಿಂಗಿಗಿಳಿಯುವ ಹೆವಿವೇಟ್ ಬಾಕ್ಸರ್. ಅವನ ತೂಕಕ್ಕೆ ಜೋಡಿ ಸಿಗುವುದೇ ಕಷ್ಟ. ಹಡಗಿನ ನಾವಿಕರು, ಕುಸ್ತಿ ಬಿಟ್ಟು ಬಂದ ಪೈಲ್ವಾನರು, ಸಿಕ್ಕಿದವರ ಜತೆ ಆಡಿ ಇದುವರೆಗೆ ಸೋತಿರಲಿಲ್ಲ. ಕಳೆದ ಪಂದ್ಯದಲ್ಲಿ ಹೆಬ್ಬೆರಳು ಮುರಿದು, ಗುಣವಾಗುವವರೆಗೆ ಊರಿಗೆ ಬಂದಿದ್ದ. ಬೆಳ್ತಂಗಡಿಯಲ್ಲಿ ಅಕ್ಕ ರಾಜೀವಿಯ ಮನೆಯಲ್ಲಿದ್ದು, ಬೆಳಗಾದರೆ ಗಡಾಯಿಕಲ್ಲು ಬೆಟ್ಟದ ಮೆಟ್ಟಿಲು ಓಡಿ ಹತ್ತುತ್ತಿದ್ದ.

ಕಾಲ್ ಸಿಗುವ ತನಕ ಇಷ್ಟೆಲ್ಲ ಮಾತಾಯಿತು. ಆಮೇಲೆ ಪ್ರತಿ ವಾರವೂ ಬರತೊಡಗಿದ.

"ಅಲ್ಲ, ಬೆಳ್ತಂಗಡಿಯಲ್ಲಿ ಫೋನ್ ಇಲ್ವಾ?" ಒಂದು ದಿನ ಕೇಳಿಯೇಬಿಟ್ಟಳು.

"ಉಂಟು."

"ಮತ್ತೆ?"

ಚಿನ್ನಯ್ಯನ ಕಿವಿ ಕೆಂಪಾಯಿತು.

ಶಶಿಪ್ರಭಾ ನಗು ಮರೆಸಲು ರಶೀದಿ ಪುಸ್ತಕ ತಿರುವಿದಳು. ಆದರೆ ಮನಸ್ಸಿನ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಈ ಕೈ ಕೌಂಟರಿನ ಮೇಲಿನ ಪೆನ್ನನ್ನು ಹೂ ಎತ್ತಿದಂತೆ ಎತ್ತುತ್ತದೆ. ಇದೇ ಕೈ ಮನುಷ್ಯರನ್ನು ಹೊಡೆದು ಮಲಗಿಸುತ್ತದೆ. ಎರಡೂ ಒಬ್ಬನೇ ಹೇಗೆ?

"ಎದುರಿನವನಿಗೆ ಹೊಡೆಯುವಾಗ ನಿಮಗೆ ಏನನಿಸ್ತದೆ?"

ಅವನು ತನ್ನ ಬೆರಳಗಂಟು ಸವರಿಕೊಂಡ. "ಹೊಡೆಯುವಾಗ ಏನೂ ಅನಿಸುವುದಿಲ್ಲ. ಆಮೇಲೆ ಅನಿಸ್ತದೆ."

ಮಳೆ ಬಿಟ್ಟ ಒಂದು ಭಾನುವಾರ ಪಾಣೆಮಂಗಳೂರಿನ ಸೇತುವೆಯ ಮೇಲೆ ಇಬ್ಬರೂ ನಿಂತಿದ್ದರು. ಕೆಳಗೆ ನೇತ್ರಾವತಿ ಇನ್ನೂ ಕೆಂಪಾಗಿಯೇ ಹರಿಯುತ್ತಿತ್ತು.

"ಮುಂದಿನ ತಿಂಗಳು ದೊಡ್ಡ ಪಂದ್ಯ ಉಂಟು, ಪ್ರಭಾ. ಪಂಜಾಬಿನವ ಒಬ್ಬ, ದೊಡ್ಡ ಹೆಸರು. ಅದನ್ನು ಮುಗಿಸಿ ಬಂದು ನಿಮ್ಮ ಅಮ್ಮನ ಹತ್ತಿರ ಮಾತಾಡ್ತೇನೆ. ಆಗಬಹುದಾ?"

"ಗೆದ್ದರೆ ಬರುವುದಾ? ಸೋತರೂ ಬರುವುದಾ?"

"ಹೇಗಾದರೂ ಬರ್ತೇನೆ."

ನೀಲಾವತಿಗೆ ವಿಷಯ ತಿಳಿದಾಗ ಮೊದಲು ಗದ್ದಲವೇ ಆಯಿತು. "ಪೆಟ್ಟು ತಿಂದು ಬದುಕುವವನಿಗೆ ನಿನ್ನನ್ನು ಕೊಡುವುದಾ? ಮುಖ ನೋಡಿದರೆ ಹೆದರಿಕೆ ಆಗ್ತದೆ ಅಂತ ಹೇಳ್ತಾರೆ!" ಎಂದು ಕೂಗಾಡಿದವರು, ಮಗಳ ಕಣ್ಣೀರು ಕಂಡು ಮೆತ್ತಗಾದರು. "ಆಗಲಿ. ಮೋಸ ಇಲ್ಲದ ಕೆಲಸವಾದರೆ ಬರಲಿ."

"ಅದರಲ್ಲಿ ಮೋಸ ಹೇಗೆ ಮಾಡುವುದಮ್ಮಾ? ಹೊಡೆದವ ಗೆಲ್ತಾನೆ, ಬಿದ್ದವ ಸೋಲ್ತಾನೆ. ಅಷ್ಟೇ!"

ಎಷ್ಟು ಹೆಮ್ಮೆಯಿಂದ ಹೇಳಿದ್ದಳು!

* * *

ಅವನು ಬೊಂಬಾಯಿಗೆ ಹೊರಡುವ ಮೊದಲಿನ ದಿನ. ಪಂದ್ಯ ಏರ್ಪಡಿಸುವ ಕಮಲಾಕ್ಷ ಎಂಬ ಬೊಂಬಾಯಿಯ ಹೋಟೆಲ್ ಮಾಲೀಕನಿಂದ, ಹೇಳಿಟ್ಟ ಹೊತ್ತಿಗೆ ಕೌಂಟರಿಗೆ ಬಂದು ಕಾದಿದ್ದ ಚಿನ್ನಯ್ಯನಿಗೆ ಕಾಲ್ ಬಂತು. ಶಶಿಪ್ರಭಾ ಕ್ಯಾಬಿನಿಗೆ ಲೈನ್ ಕೊಟ್ಟಳು.

ಮೂರು ನಿಮಿಷವಾದಾಗ ಇನ್ನೂ ಮಾತು ಮುಂದುವರಿಸಬೇಕಾ ಎಂದು ಕೇಳಲು ಕೀ ಒತ್ತಿದಳು. ಅದು ಅವಳ ಕೆಲಸವೇ. ಆದರೆ ಬಾಯಿ ತೆರೆಯುವ ಮೊದಲೇ ಆ ಕಡೆಯ ಧ್ವನಿ ಕಿವಿಗೆ ಬಿತ್ತು.

"...ನಾಲ್ಕನೇ ರೌಂಡಿನಲ್ಲಿ ನೀನು ಬೀಳ್ಬೇಕು, ಚಿನ್ನಯ್ಯ. ಆ ಪಂಜಾಬಿನವನನ್ನು ಹೊರದೇಶಕ್ಕೆ ಆಡ್ಲಿಕ್ಕೆ ಕಳಿಸುವವರಿದ್ದೇವೆ, ಈಗ ಅವ ಸೋಲಬಾರದು. ನೀನು ಚಿಕ್ಕವ. ಮಾತು ಕೇಳಿದರೆ ಮುಂದಿನ ವರ್ಷ ನಿನ್ನ ಸರದಿ. ಕೇಳದಿದ್ದರೆ ಬೊಂಬಾಯಿಯಲ್ಲಿ ಇನ್ನು ನಿನಗೆ ರಿಂಗ್ ಇಲ್ಲ. ಆಯ್ತಾ?"

ಕೀ ಬಿಡಬೇಕಿತ್ತು. ಬಿಡಲಾಗಲಿಲ್ಲ.

'ಇಲ್ಲ ಅನ್ನಿ... ಇಲ್ಲ ಅನ್ನಿ...'

ತಂತಿಯ ಗರಗರ ಸದ್ದು. ಅವನ ಉಸಿರು. ಮತ್ತೆ ಆ ನಿಧಾನದ, ಅವಳಿಗೆ ಪ್ರಾಣವಾಗಿದ್ದ ಧ್ವನಿ.

"ಆಯ್ತು."

ಕ್ಯಾಬಿನಿನಿಂದ ಹೊರಬಂದ ಚಿನ್ನಯ್ಯನ ಮುಖ ಬಾಡಿತ್ತು.

"ಎಲ್ಲ ಸರಿ ಉಂಟಾ?" ಅವಳೇ ಕೇಳಿದಳು.

"ಉಂಟು... ಬರ್ತೇನೆ, ಪ್ರಭಾ."

ಅವಳು ಹೇಗೆ ಕೇಳಿಯಾಳು? ಗ್ರಾಹಕರ ಮಾತು ಕದ್ದು ಕೇಳಿದ್ದು ಗೊತ್ತಾದರೆ ನೌಕರಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವನೇ ಹೇಳಲಿ ಎಂದು ಕಾದಳು. ಅವನು ಹೇಳಲಿಲ್ಲ. ಅವಳು ಕೇಳಲಿಲ್ಲ. ಮರುದಿನ ಅವನ ಬೊಂಬಾಯಿ ಬಸ್ಸು ಹೊರಟಿತು.

ಪಂದ್ಯದ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬಂದಿತ್ತು. ಕರಾವಳಿಯ ಚಿನ್ನಯ್ಯ ನಾಲ್ಕನೇ ರೌಂಡಿನಲ್ಲಿ ನಾಕೌಟ್ ಆಗಿ ಸೋತನೆಂದು ಎರಡೇ ಸಾಲು.

ನಾಲ್ಕನೇ ರೌಂಡ್!

ಅಂದರೆ... ಮಾತು ಕೊಟ್ಟಂತೆ ಬಿದ್ದ. ತನ್ನನ್ನು ತಾನೇ ಮಾರಿಕೊಂಡ!

ಕೆಲವು ದಿನಗಳ ನಂತರ ಬೊಂಬಾಯಿಯಿಂದ ಚಿನ್ನಯ್ಯನ ಹೆಸರಿನಲ್ಲಿ ಅವಳಿಗೇ ಕಾಲ್ ಬಂತು. ಬೇರೆ ಲೈನುಗಳನ್ನು ಬಿಟ್ಟು ಅದನ್ನೇ ಕಿವಿಗೆ ತೆಗೆದುಕೊಂಡಳು.

"ಹಲೋ... ಚಿನ್ನಯ್ಯನವರಾ? ಮಾತಾಡಿ."

ಮಾತಿಲ್ಲ. ಬರೀ ಉಸಿರು. ಗಂಟಲೊಳಗಿನ ಒಂದು ನರಳಾಟ.

"ನಿಮ್ಮಿಂದ ಒಂದೇ ಒಂದು ಮಾತು ಕೇಳ್ಬೇಕು ನನಗೆ. ಅದೂ ಆಗೋದಿಲ್ವಾ?"

ಮತ್ತೆ ಅದೇ ಉಸಿರು.

'ಮುಖವಿಲ್ಲ. ಮಾತಾಡಲು ಮುಖವಿಲ್ಲ ಇವನಿಗೆ!'

ಲೈನ್ ಕತ್ತರಿಸಿದಳು. ಆಮೇಲೆ ಮೇಜಿಗೆ ಹಣೆ ಇಟ್ಟು, ಸದ್ದಾಗದಂತೆ ಅತ್ತಳು.

ವಾರಗಳು ಕಳೆದವು. "ಬರ್ತೇನೆ ಅಂದವರು ಬರಲಿಲ್ಲವಲ್ಲ?" ಎಂದು ಅಮ್ಮ ಕೇಳಿದಾಗ ಶಶಿಪ್ರಭಾ ಗೋಡೆ ನೋಡಿದಳು. "ಬರುವುದು ಬೇಡಮ್ಮ."

ಬೇಡ ಎಂದದ್ದು ಬಾಯಿ. ಕೌಂಟರಿನ ಬೆಳಕು ಮರೆಯಾದಾಗಲೆಲ್ಲ ಎದ್ದು ನೋಡುತ್ತಿದ್ದದ್ದು ಯಾರು? ಅವಳಿಗೇ ತಿಳಿಯದು.

* * *

ಒಂದು ಮಧ್ಯಾಹ್ನ ಬಿಳಿ ಟೊಪ್ಪಿಯ, ಗಟ್ಟಿ ಮೈಕಟ್ಟಿನ ಮುದುಕರೊಬ್ಬರು ಕೌಂಟರಿಗೆ ಬಂದರು.

"ಶಶಿಪ್ರಭಾ ಅಂದರೆ ನೀನಾ ಮಗಳೇ? ನಾನು ಸುಲೈಮಾನ್. ಚಿನ್ನಯ್ಯನ ಉಸ್ತಾದ್."

ಅವಳು ಮುಖ ಗಂಟು ಹಾಕಿದಳು. "ಅವರೇ ಬರಬಹುದಿತ್ತಲ್ಲ. ಫೋನ್ ಮಾಡಿ ಸುಮ್ಮನಿದ್ದರು. ಈಗ ನಿಮ್ಮನ್ನು ಕಳಿಸಿದರಾ?"

"ಅವ ಕಳಿಸ್ಲಿಲ್ಲ. ನಾನು ಬಂದದ್ದು ಅವನಿಗೆ ಗೊತ್ತೇ ಇಲ್ಲ. ಸುಮ್ಮನಿದ್ದ ಅಂತ ಹೇಳ್ತಿಯಲ್ಲ... ದವಡೆ ಎರಡು ಕಡೆ ಮುರಿದವ ಮಾತಾಡುವುದು ಹೇಗೆ, ಮಗಳೇ?"

"ಏನು?"

"ಹಲ್ಲಿಗೆ ಹಲ್ಲು ಸೇರಿಸಿ ತಂತಿ ಕಟ್ಟಿದ್ದರು. ಮುಖ ಹಲಸಿನಕಾಯಿಯ ಹಾಗೆ ಊದಿತ್ತು. ಕಾಲ್ ಬುಕ್ ಮಾಡಿ ಕೊಟ್ಟದ್ದು ನಾನು. ನಾನೇ ಮಾತಾಡ್ತೇನೆ ಅಂತ ರಿಸೀವರ್ ಕೇಳಿದೆ, ಕೊಡ್ಲಿಲ್ಲ. ನಿನ್ನ ಧ್ವನಿ ಕೇಳ್ಬೇಕಂತೆ. ನೀನು ಲೈನ್ ಇಟ್ಟ ಮೇಲೂ ಅದನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದ."

ಹೆಡ್‌ಫೋನ್ ತೆಗೆದಿಟ್ಟು ಶಶಿಪ್ರಭಾ ಕೌಂಟರಿನ ಮೇಲೆ ಬಾಗಿದಳು.

"ಉಸ್ತಾದರೇ... ನನಗೆ ನಿಜ ಹೇಳಿ. ಕಮಲಾಕ್ಷ ಬೀಳ್ಲಿಕ್ಕೆ ಹೇಳಿದ್ದು ನನಗೆ ಗೊತ್ತುಂಟು. ಅವರು ತಾವಾಗಿ ಬಿದ್ದದ್ದಾ, ಅಥವಾ ಪೆಟ್ಟಿಗೆ ಬಿದ್ದದ್ದಾ?"

ಸುಲೈಮಾನ್ ಬ್ಯಾರಿ ಬೆರಗಾದರು. ಹೇಗೆ ಗೊತ್ತೆಂದು ಮಾತ್ರ ಕೇಳಲಿಲ್ಲ.

"ಪಂದ್ಯದ ದಿನ ಬೆಳಗ್ಗೆ ನನ್ನ ಹತ್ತಿರ ಬಂದ. 'ಉಸ್ತಾದ್, ನಾನು ಬೀಳುವುದಿಲ್ಲ' ಅಂದ. ಮೂರು ರೌಂಡ್ ಹುಲಿಯ ಹಾಗೆ ಆಡಿದ. ನಾಲ್ಕನೆಯದರಲ್ಲಿ ಅವನ ಎಡಗೈ ಕೆಳಗೆ ಬಂತು. ಸ್ವಲ್ಪವೇ. ಅಷ್ಟರಲ್ಲಿ ಆ ಗುದ್ದು ಬಿತ್ತು. ದಣಿದು ಕೈ ಇಳಿಯಿತಾ, ಇಳಿಸಿದನಾ? ನಾನು ಹಗ್ಗದ ಪಕ್ಕವೇ ಇದ್ದೆ. ಆಯುಷ್ಯವೆಲ್ಲ ಇದನ್ನೇ ನೋಡಿದವ. ನನಗೂ ಗೊತ್ತಾಗ್ಲಿಲ್ಲ ಮಗಳೇ."

"ಮತ್ತೆ ಕಮಲಾಕ್ಷ?"

"ಭಾರೀ ಖುಷಿ ಅವನಿಗೆ. ಮುಂದಿನ ಪಂದ್ಯಕ್ಕೆ ಕರೆದ. ಇವ ಆಸ್ಪತ್ರೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ. ಅಲ್ಲಿಗೆ ಬೊಂಬಾಯಿಯ ಬಾಗಿಲು ಮುಚ್ಚಿತು. ಈಗ ಅಕ್ಕನ ಮನೆಯಲ್ಲಿ ಗಂಜಿನೀರು ಕುಡಿದುಕೊಂಡಿದ್ದಾನೆ."

ಆ ಸಂಜೆ ಬಸ್ಸು ಮಡಂತ್ಯಾರಿನಲ್ಲಿ ನಿಂತಾಗ ಶಶಿಪ್ರಭಾ ಇಳಿಯಲಿಲ್ಲ. ಮನಸ್ಸಿನಲ್ಲಿ ಕಡಲಿನಂತೆ ಅಲೆ. ಒಮ್ಮೆ, 'ಅವನು ಮೋಸಗಾರನಲ್ಲ.' ಮರುಕ್ಷಣ, 'ಆಯ್ತು ಅಂದದ್ದು ನಾನೇ ಕೇಳಿದ್ದೇನಲ್ಲ!' ಅವನನ್ನು ತಬ್ಬಿಕೊಳ್ಳಲು ಹೊರಟೆನೋ, ಜಗಳಕ್ಕೆ ಹೊರಟೆನೋ? ಬೆಳ್ತಂಗಡಿ ಬಂದರೂ ತೀರ್ಮಾನವಾಗಲಿಲ್ಲ.

ಬಾಗಿಲು ತೆರೆದ ರಾಜೀವಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ಪ್ರಭಾ ಅಲ್ವಾ? ಇಷ್ಟು ದಿನ ಬೇಕಾಯಿತಾ ಬರ್ಲಿಕ್ಕೆ?" ಎಂದಳು. ಅದರಲ್ಲಿ ಸಿಟ್ಟೂ ಇತ್ತು, ಸಮಾಧಾನವೂ ಇತ್ತು. "ಹಿಂದೆ ಬಾವಿಕಟ್ಟೆಯ ಹತ್ತಿರ ಇದ್ದಾನೆ. ಹೋಗಿ."

ಚಿನ್ನಯ್ಯ ಕಟ್ಟೆಯ ಮೇಲೆ ಕೂತು ದೂರದ ಗಡಾಯಿಕಲ್ಲನ್ನು ನೋಡುತ್ತಿದ್ದ. ಸಂಜೆಯ ಬಿಸಿಲು ಬಂಡೆಯ ತುದಿಯಲ್ಲಿ ಮಾತ್ರ ಉಳಿದಿತ್ತು. ಎಷ್ಟು ಸೊರಗಿದ್ದ! ಅಂಗಿ ಬೇರೆ ಯಾರದೋ ಎನ್ನುವಂತೆ ಜೋತುಬಿದ್ದಿತ್ತು.

ಅವಳನ್ನು ಕಂಡು ಎದ್ದು ನಿಂತ. ತಂತಿ ಇನ್ನೂ ಬಿಚ್ಚದ ಹಲ್ಲು ಕಚ್ಚಿಕೊಂಡೇ, ತುಟಿ ಮಾತ್ರ ಅಲುಗಿಸಿ ಹೇಳಿದ. "ಬಾ... ಕೂತುಕೋ."

ಆ ಒಡೆದ ಧ್ವನಿ ಕೇಳಿದ್ದೇ ಅವಳ ಜಗಳವೆಲ್ಲ ಎಲ್ಲಿ ಹೋಯಿತೋ!

"ನಾನು ಆ ದಿನ ಕಾಲ್ ಕೇಳಿಸಿಕೊಂಡೆ. ಕಮಲಾಕ್ಷ ಹೇಳಿದ್ದು, ನೀವು ಆಯ್ತು ಅಂದದ್ದು... ಎಲ್ಲ."

ಅವನ ಕಣ್ಣುಗಳಲ್ಲಿ ಇದುವರೆಗೆ ಅವಳು ಕಾಣದ ನೋವು ಕಂಡಿತು.

"ಗೊತ್ತಿತ್ತಾ ನಿನಗೆ? ಗೊತ್ತಿದ್ದೂ ನನ್ನನ್ನು ಬಸ್ಸು ಹತ್ತಿಸಿದಿಯಾ? ಒಂದು ಮಾತು... ಬೇಡ ಅಂತ ಒಂದು ಮಾತು ಹೇಳಿದ್ದರೆ, ಆಗಲೇ ಅವನಿಗೆ ಫೋನ್ ಮಾಡಿ ಆಗೋದಿಲ್ಲ ಅಂತಿದ್ದೆ."

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಇಷ್ಟು ದಿನ ತಪ್ಪೆಲ್ಲ ಅವನದೇ ಎಂದುಕೊಂಡಿದ್ದಳು. ಇಬ್ಬರೂ ಕೌಂಟರಿನ ಎರಡು ಬದಿ ನಿಂತು, ಒಬ್ಬರ ಮಾತಿಗೆ ಒಬ್ಬರು ಕಾದು ಸುಮ್ಮನಾದದ್ದು ಈಗ ಕಣ್ಣಿಗೆ ಕಟ್ಟಿತು.

"ನೀವು ಹೇಳ್ತೀರಿ ಅಂತ ಕಾದೆ," ಎಂದಳು ಬಿಕ್ಕುತ್ತಾ.

"ಹೇಳಿದರೆ ನಿನ್ನ ಕಣ್ಣಿನಲ್ಲಿ ಸಣ್ಣವನಾಗ್ತೇನೆ ಅಂತ ಹೆದರಿದೆ."

ಬಾವಿಯ ರಾಟೆಯ ಮೇಲೆ ಕಾಗೆಯೊಂದು ಬಂದು ಕೂತು, ಹಾರಿಹೋಯಿತು.

"ಈಗಲಾದರೂ ಹೇಳಿ. ನೀವೇ ಬಿದ್ದದ್ದಾ?"

ಇಲ್ಲ ಎಂದರೆ ಸಾಕಿತ್ತು. ನಂಬಲು ಅವಳು ತುದಿಗಾಲಿನಲ್ಲಿ ನಿಂತಿದ್ದಳು. ಅದು ಅವನಿಗೂ ಕಾಣುತ್ತಿತ್ತು. ಆ ಒಂದು ಪದ ಆಡಿದರೆ ಎಲ್ಲವೂ ಮರಳಿ ಸಿಗುತ್ತಿತ್ತು.

ಚಿನ್ನಯ್ಯ ತನ್ನ ಎಡಗೈಯನ್ನು ನೋಡಿಕೊಂಡ.

"ಬೀಳುವುದಿಲ್ಲ ಅಂತಲೇ ರಿಂಗಿಗೆ ಹತ್ತಿದೆ. ದೇವರಾಣೆ. ನಾಲ್ಕನೇ ರೌಂಡಿನ ಗಂಟೆ ಹೊಡೆದಾಗ ಕಮಲಾಕ್ಷನ ಮಾತು ನೆನಪಿಗೆ ಬಂತು. ಇದೇ ರೌಂಡ್ ಅಲ್ವಾ ಅಂತ. ಆ ಹೊತ್ತಿಗೆ ಕೈ ಕೆಳಗೆ ಬಂತು. ದಣಿವಿಗಾ? ಒಮ್ಮೆ ಆಯ್ತು ಅಂದಿದ್ದೆನಲ್ಲ, ಅದು ಮೈಯೊಳಗೆ ಉಳಿದಿತ್ತಾ?" ಅವನ ಕಣ್ಣು ತುಂಬಿತು. "ದಿನಾ ಯೋಚನೆ ಮಾಡ್ತೇನೆ, ಪ್ರಭಾ. ನನಗೇ ಗೊತ್ತಿಲ್ಲ."

ಶಶಿಪ್ರಭಾ ಅವನನ್ನೇ ನೋಡಿದಳು. ಇಷ್ಟು ದಿನ ಎದೆಯಲ್ಲಿ ಕಟ್ಟಿಕೊಂಡಿದ್ದ ಗಂಟು, ಬಿಡಿಸದೆಯೇ ಸಡಿಲವಾಯಿತು. ಸುಳ್ಳು ಹೇಳುವವನಾಗಿದ್ದರೆ ಈಗ ಹೇಳುತ್ತಿದ್ದ. ತನ್ನನ್ನು ಕಳೆದುಕೊಳ್ಳುವ ಹೆದರಿಕೆಯಲ್ಲೂ ಗೊತ್ತಿಲ್ಲ ಎನ್ನುವ ಮನುಷ್ಯನನ್ನು ಇನ್ನು ಹೇಗೆ ಪರೀಕ್ಷಿಸುವುದು?

ಹತ್ತಿರ ಹೋಗಿ ಆ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಎರಡೂ ಸೇರಿದರೂ ಅದು ಪೂರ್ತಿ ಹಿಡಿಗೆ ಸಿಗಲಿಲ್ಲ.

"ನನಗೂ ಗೊತ್ತಿಲ್ಲ. ಗೊತ್ತಾಗದಿದ್ದರೂ ಪರವಾಗಿಲ್ಲ," ಎಂದಳು. "ನಿಮ್ಮನ್ನು ಬಿಟ್ಟು ಇರ್ಲಿಕ್ಕೆ ನನ್ನಿಂದ ಆಗೋದಿಲ್ಲ. ಅದೊಂದು ಗೊತ್ತುಂಟು."

ಅವನು ಹಣೆಯನ್ನು ಅವಳ ತಲೆಗೆ ಆನಿಸಿ ನಿಂತ. ಅವನ ಕಣ್ಣೀರು ಅವಳ ಬೈತಲೆಯ ಮೇಲೆ ಬಿತ್ತು.

ತುಸು ಹೊತ್ತಿನ ಮೇಲೆ ಅವಳೇ ಕೇಳಿದಳು. "ಮತ್ತೆ ಆಡ್ತೀರಾ?"

"ಮದ್ರಾಸಿನಲ್ಲಿ ಪಂದ್ಯ ಉಂಟು ಅಂತಾರೆ ಉಸ್ತಾದ್. ದವಡೆ ಕೂಡಿದ ಮೇಲೆ. ಆಡ್ಬೇಕು ನನಗೆ. ಯಾರ ಮಾತಿಗೂ ಆಯ್ತು ಅನ್ನದೆ ಒಮ್ಮೆ ಆಡ್ಬೇಕು."

"ಆಡಿ. ಆದರೆ ಇನ್ನು ಯಾರಾದರೂ ಬೀಳು ಅಂದರೆ, ಮೊದಲು ನನ್ನ ಹತ್ತಿರ ಹೇಳ್ಬೇಕು."

"ಹೇಳ್ಲಿಕ್ಕೆ ಎಂತ ಉಂಟು? ನೀನು ಹೇಗೂ ಕೇಳಿಸಿಕೊಳ್ತಿಯಲ್ಲ!"

ಅವಳು ಅವನ ತೋಳಿಗೆ ಒಂದು ಕೊಟ್ಟಳು. ಚಿನ್ನಯ್ಯ ನಗಲು ಹೋಗಿ ದವಡೆ ಹಿಡಿದುಕೊಂಡ.

"ನಗಿಸ್ಬೇಡ ಮಾರಾಯ್ತಿ, ನೋಯ್ತದೆ!"

ಒಳಗಿನಿಂದ ರಾಜೀವಿ, ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಕೂಗಿದಳು. ಶಶಿಪ್ರಭಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಮ್ಮ ಕಾಯ್ತಾ ಇರ್ತಾರೆ. ನೀವೂ ಬನ್ನಿ."

"ಈಗಲೇ? ಈ ಮುಖ ಇಟ್ಟುಕೊಂಡಾ?" ಅವನು ಗಾಬರಿಯಾದ. "ಆ ಪಂದ್ಯದಲ್ಲಿ ಏನಾಯಿತು ಅಂತ ಕೇಳಿದರೆ ಎಂತ ಹೇಳುವುದು?"

"ಗೊತ್ತಿಲ್ಲ ಅಂತಲೇ ಹೇಳುವ," ಎಂದಳು ಶಶಿಪ್ರಭಾ, ಅವನ ಕೈ ಬಿಡದೆ. "ನನ್ನ ಹತ್ತಿರ ಹೇಳಿದ ಹಾಗೇ ಹೇಳಿ. ಬನ್ನಿ, ಹೋಗುವ."